ಭಂಗಾರಕ್ಕೆ ಹಾಕುವ ಮುನ್ನ: ಹಳೆಯ ಕಂಪ್ಯೂಟರಿನ ಕೊಳೆ ತೆಗೆಯುವ ಬಗೆ

(ನಮ್ಮ ಕನ್ನಡ ಕಾರ್ಯಕ್ರಮದಲ್ಲಿ ಪ್ರಸಾರವಾದ ಭಾಷಣದ ಪಠ್ಯ. ಕೇಳುವ ಹೊತ್ತಿನಲ್ಲಿ ಬರೆದುಕೊಳ್ಳಲಾಗಲಿಲ್ಲ ಎಂದ ಶ್ರೋತೃಗಳಿಗಾಗಿ ಇಲ್ಲಿ ಪೂರ್ತಿಯಾಗಿ ಕೊಟ್ಟಿದ್ದೇವೆ.)

ಮುಂಬಯಿಗೆ ಹೊಸದಾಗಿ ಬಂದ ಕನ್ನಡಿಗರಿಗೆ ಮೊದಲ ದಿನಗಳಲ್ಲಿ ಗಲಿಬಿಲಿ ಮಾಡುವ ಒಂದು ಕೂಗು ಉಂಟು. ಬೆಳಿಗ್ಗೆ ಕೈಗಾಡಿ ತಳ್ಳಿಕೊಂಡು ಬರುವವನು 'ಭಂಗಾರ್, ಭಂಗಾರ್' ಎಂದು ಕೂಗುತ್ತಾನೆ. ನಮ್ಮ ಕಿವಿಗೆ ಅದು ಬಂಗಾರ. ಇಲ್ಲಿಯವರಿಗೆ ಅದು ಗುಜರಿ. ಇವತ್ತು ನಾನು ಮಾತನಾಡಲಿರುವ ವಸ್ತು ಇವೆರಡರ ನಡುವೆ ಎಲ್ಲೋ ಇದೆ. ಅದು ನಿಮ್ಮ ಮನೆಯ ಅಟ್ಟದ ಮೇಲೆ, ಹಳೆಯ ಬೆಡ್‌ಶೀಟಿನಲ್ಲಿ ಸುತ್ತಿಟ್ಟ ಕಂಪ್ಯೂಟರು.

ಕಳೆದ ವರ್ಷ ನನ್ನ ತೀರಿಹೋದ ಗೆಳೆಯನ ಮಗಳು ಫೋನು ಮಾಡಿದಳು. ಅವರದು ಧಾರವಾಡದ ಕಡೆಯ ಮನೆತನ. "ಕಾಕಾ, ಅಪ್ಪನ ಹಳೇ ಕಂಪ್ಯೂಟರ್ ಅಟ್ಟದ ಮ್ಯಾಲ ಹಂಗ ಕುಂತದ. ಭಂಗಾರದವಗ ಕೊಟ್ಟುಬಿಡ್ಲೇನ್ರಿ?" ಎಂದು ಕೇಳಿದಳು. ನಾನು ಮೂವತ್ತು ವರ್ಷ ಕಂಪ್ಯೂಟರ್ ರಿಪೇರಿಯಲ್ಲೇ ಹೊಟ್ಟೆ ಹೊರೆದವನು. ಆ ಯಂತ್ರ ನನಗೆ ಗೊತ್ತಿತ್ತು. 1991ರಲ್ಲಿ ಲ್ಯಾಮಿಂಗ್ಟನ್ ರಸ್ತೆಯಲ್ಲಿ ಬಿಡಿಭಾಗ ಕೊಂಡು ನಾವಿಬ್ಬರೂ ಸೇರಿ ಜೋಡಿಸಿದ 386 ಅದು. ಅದರೊಳಗೆ ಒಂದು ಜಿಸ್ಟ್ ಕಾರ್ಡ್ ಕೂಡ ಇತ್ತು. ಕಾನಪುರದ ಐಐಟಿಯಲ್ಲಿ ಮೊಳೆತು ಪುಣೆಯ ಸಿ-ಡ್ಯಾಕ್ ಸಂಸ್ಥೆಯಲ್ಲಿ ಬೆಳೆದ ತಂತ್ರ ಅದು. ವಿಂಡೋಸ್ ಇನ್ನೂ ಮನೆಮನೆಗೆ ಬಾರದ ಡಾಸ್ ಕಾಲದಲ್ಲಿ ಪರದೆಯ ಮೇಲೆ ಕನ್ನಡ ಮೂಡಿಸುತ್ತಿದ್ದ ಕಾರ್ಡು.

ಆ ಯಂತ್ರದ ಮೇಲೆ ಗೆಳೆಯ ಏನು ಮಾಡುತ್ತಿದ್ದನೆಂಬುದೂ ನನಗೆ ಗೊತ್ತಿತ್ತು. ಬ್ಯಾಂಕಿನಿಂದ ಬಂದು, ಊಟ ಮುಗಿಸಿ, ತನ್ನ ತಾಯಿ ಹಾಡುತ್ತಿದ್ದ ಬೀಸುವ ಕಲ್ಲಿನ ಪದಗಳನ್ನು ಒಂದೊಂದಾಗಿ ಟೈಪು ಮಾಡುತ್ತಿದ್ದ. ಬರೆದುಕೊಂಡ ನೋಟುಬುಕ್ಕು 2005ರ ಜುಲೈ 26ರ ಮಹಾಮಳೆಯಲ್ಲಿ ಹೋಯಿತು. ಒಂದೇ ದಿನದಲ್ಲಿ ಸಾಂತಾಕ್ರೂಜ್‌ನಲ್ಲಿ 944 ಮಿಲಿಮೀಟರ್ ಮಳೆ ಸುರಿದ ದಿನ ಅದು. ನೋಟುಬುಕ್ಕು ಕೆಳಗಿನ ಕಪಾಟಿನಲ್ಲಿತ್ತು, ಕಂಪ್ಯೂಟರು ಅಟ್ಟದ ಮೇಲಿತ್ತು. ಹಾಡಿದ ತಾಯಿಯೂ ಇಲ್ಲ, ಬರೆದ ಮಗನೂ ಇಲ್ಲ. "ಯಾರಿಗೂ ಕೊಡಬ್ಯಾಡವ್ವಾ. ಮುಖ್ಯವಾಗಿ, ಸ್ವಿಚ್ ಹಾಕಬ್ಯಾಡ. ನಾ ಬರ್ತೀನಿ" ಎಂದೆ.

ಸ್ವಿಚ್ ಹಾಕಬೇಡ ಎಂದು ಅಷ್ಟು ಒತ್ತಿ ಹೇಳಿದ್ದಕ್ಕೆ ಕಾರಣ ನನ್ನದೇ ಒಂದು ತಪ್ಪು. ಅದೇ 2005ರ ಮಳೆಯಲ್ಲಿ ಕಲೀನಾದ ನನ್ನ ನೆಲಮಹಡಿಯ ಮನೆಗೂ ನೀರು ನುಗ್ಗಿತ್ತು. ನನ್ನ ಕಂಪ್ಯೂಟರನ್ನು ಎರಡು ದಿನ ಬಿಸಿಲಿಗಿಟ್ಟೆ. ಮೇಲಿನಿಂದ ನೋಡಿದರೆ ಒಣಗಿದೆ. ಕೆಲಸ ಗೊತ್ತಿದ್ದವನೇ ಆದರೂ ಅವಸರ. ಸ್ವಿಚ್ ಹಾಕಿದೆ. 'ಫಟ್' ಎಂದಿತು, ಸುಟ್ಟ ವಾಸನೆ ಬಂತು, ಅಲ್ಲಿಗೆ ಮುಗಿಯಿತು. ಚಿಪ್ಪುಗಳ ಅಡಿಯಲ್ಲಿ ಹಸಿ ಕೆಸರು ಹಾಗೇ ಇತ್ತು. ಕೊಳೆ ಕಂಪ್ಯೂಟರನ್ನು ಕೊಲ್ಲುವುದು ನಿಧಾನವಾಗಿ. ಕೊಳೆಯ ಮೇಲೆ ಹರಿಸಿದ ಕರೆಂಟು ಕೊಲ್ಲುವುದು ಒಂದು ಕ್ಷಣದಲ್ಲಿ. ನೀವು ಇವತ್ತು ಒಂದೇ ಮಾತು ನೆನಪಿಟ್ಟುಕೊಳ್ಳುವುದಾದರೆ ಇದನ್ನೇ ಇಟ್ಟುಕೊಳ್ಳಿ: ಮೊದಲು ನೋಡಿ, ಆಮೇಲೆ ತೊಳೆಯಿರಿ, ಪೂರ್ತಿ ಒಣಗಿಸಿ, ಕರೆಂಟು ಕೊಡುವುದು ಎಲ್ಲಕ್ಕೂ ಕೊನೆಗೆ.

ಈಗ ಕೆಲಸಕ್ಕೆ ಬರೋಣ. ಪ್ಲಗ್ಗು ಕಿತ್ತಿಟ್ಟು ಕ್ಯಾಬಿನೆಟ್ಟಿನ ಮುಚ್ಚಳ ತೆಗೆಯಿರಿ. ಆದರೆ ಎರಡು ವಸ್ತುಗಳನ್ನು ಮಾತ್ರ ಮನೆಯಲ್ಲಿ ಬಿಚ್ಚಲೇಬೇಡಿ. ಒಂದು, ಹಳೆಯ ಗಾಜಿನ ಪಿಕ್ಚರ್ ಟ್ಯೂಬಿನ ಮಾನಿಟರ್. ಇನ್ನೊಂದು, ಒಳಗಿನ ತಗಡಿನ ಪವರ್ ಸಪ್ಲೈ ಡಬ್ಬಿ. ಪ್ಲಗ್ಗು ಕಿತ್ತ ಮೇಲೂ ಇವುಗಳಲ್ಲಿ ಪ್ರಾಣಕ್ಕೆ ಎರವಾಗುವಷ್ಟು ವಿದ್ಯುತ್ತು ಉಳಿದಿರಬಹುದು. ಅವುಗಳನ್ನು ಬಲ್ಲವರಿಗೇ ಬಿಡಿ.

ಮುಚ್ಚಳ ತೆಗೆದ ಕೂಡಲೇ ಕೈ ಹಾಕಬೇಡಿ, ಮೊಬೈಲಿನಲ್ಲಿ ಫೋಟೋ ತೆಗೆಯಿರಿ. ಯಾವ ಕಾರ್ಡು ಯಾವ ಸ್ಲಾಟಿನಲ್ಲಿದೆ, ಯಾವ ಕೇಬಲ್ಲಿನ ಕೆಂಪು ಅಂಚು ಯಾವ ಕಡೆಗಿದೆ, ಚಿಕ್ಕ ಜಂಪರ್‌ಗಳು ಎಲ್ಲಿ ಕೂತಿವೆ, ಎಲ್ಲವೂ ಬರಬೇಕು. ಅಂಟಿಸಿದ ಚೀಟಿಗಳಿದ್ದರೆ ಅವುಗಳದೂ ಬೇಕು. ಗೆಳೆಯನ ಯಂತ್ರದಲ್ಲಿ ಕ್ಯಾಬಿನೆಟ್ಟಿನ ಒಳಗೋಡೆಗೆ ಒಂದು ಚೀಟಿ ಅಂಟಿಸಿತ್ತು. ಅದರ ಮೇಲೆ ಪೆನ್ಸಿಲಿನಲ್ಲಿ ಮೂರು ಅಂಕಿಗಳು. ಧೂಳಿನಲ್ಲಿ ನಾನು ಅದನ್ನು ಒರೆಸಿಯೇಬಿಡುತ್ತಿದ್ದೆ. ಅದರ ಬೆಲೆ ಏನೆಂದು ಆಮೇಲೆ ಹೇಳುತ್ತೇನೆ.

ಇನ್ನು ಕೊಳೆಯನ್ನು ಗುರುತಿಸುವ ವಿಚಾರ. ಎಲ್ಲ ಕೊಳೆಯೂ ಒಂದೇ ಅಲ್ಲ. ಮೊದಲನೆಯದು ಒಣ ಧೂಳು. ದೆಹಲಿಯ ಶ್ರೋತೃಗಳಿಗೆ ಇದರ ಪರಿಚಯ ಹೇಳಬೇಕಾಗಿಲ್ಲ. ಎರಡನೆಯದು ಜಿಡ್ಡು. ಒಂದೇ ಕೋಣೆಯಲ್ಲಿ ಅಡಿಗೆ, ಊಟ, ಕಂಪ್ಯೂಟರು ಎಲ್ಲ ಇದ್ದ ನಮ್ಮ ಮನೆಗಳಲ್ಲಿ ಒಗ್ಗರಣೆಯ ಎಣ್ಣೆಹೊಗೆ, ಊದುಬತ್ತಿಯ ಹೊಗೆ, ಕೆಲವರ ಸಿಗರೇಟಿನ ಹೊಗೆ, ಇವೆಲ್ಲ ಫ್ಯಾನಿನ ಮೂಲಕ ಒಳಗೆ ಹೋಗಿ ಕಂದು ಬಣ್ಣದ ಅಂಟಾಗಿ ಕೂತಿರುತ್ತವೆ. ಆಯುಧಪೂಜೆಯ ಕುಂಕುಮವೂ ಇರುತ್ತದೆ. ಗೆಳೆಯನ ಯಂತ್ರದ ಫ್ಲಾಪಿ ಡ್ರೈವಿನ ಬಾಯಲ್ಲಿ ಎಷ್ಟೋ ನವರಾತ್ರಿಗಳ ಅರಿಶಿನ ಕುಂಕುಮ ತುಂಬಿತ್ತು! ಭಕ್ತಿಗೆ ನನ್ನ ಅಡ್ಡಿಯಿಲ್ಲ. ಆದರೆ ಕುಂಕುಮವನ್ನು ಕ್ಯಾಬಿನೆಟ್ಟಿನ ನೆತ್ತಿಗೆ ಹಚ್ಚಿ, ಬಾಯಿಗೆ ಬೇಡ.

ಮೂರನೆಯದು ಪ್ರಾಣಿಗಳ ಗಲೀಜು. ಜಿರಳೆಯ ಮೊಟ್ಟೆ, ಹಲ್ಲಿಯ ಹಿಕ್ಕೆ, ಇಲಿಯ ಮೂತ್ರ. ಇಲಿಯ ಗುರುತು ಕಂಡರೆ ಕೈಗವಸು, ಮಾಸ್ಕ್ ಇಲ್ಲದೆ ಮುಟ್ಟಬೇಡಿ. ಇಲಿಜ್ವರ ಬರುವುದು ಇಲಿಯ ಮೂತ್ರದಿಂದಲೇ. ನಾಲ್ಕನೆಯದು ನಿಜವಾದ ಶತ್ರು. ನೀಲಿಹಸಿರು ಅಥವಾ ಬಿಳಿ ಬಣ್ಣದ ಪುಡಿಯಂಥ ಹಕ್ಕಳೆ. ಇದು ಹೊರಗಿನಿಂದ ಬಂದ ಕೊಳೆಯಲ್ಲ, ಬೋರ್ಡಿನ ತಾಮ್ರವೇ ಕರಗುತ್ತಿರುವ ಲಕ್ಷಣ. ಇದರ ಹತ್ತಿರ ಎಲ್ಲೋ ಒಂದು ಬ್ಯಾಟರಿ ಇದ್ದೇ ಇರುತ್ತದೆ.

ಈ ಬ್ಯಾಟರಿಯ ಕೆಲಸ ಮೊದಲು. 286, 386, 486 ಕಾಲದ ಬಹಳಷ್ಟು ಬೋರ್ಡುಗಳ ಮೇಲೆ ಸಣ್ಣ ಪೀಪಾಯಿಯ ಆಕಾರದ, 3.6 ವೋಲ್ಟಿನ ನಿಕಲ್-ಕ್ಯಾಡ್ಮಿಯಂ ಬ್ಯಾಟರಿ ಇರುತ್ತದೆ. ಗಡಿಯಾರ ಮತ್ತು ಸೆಟ್ಟಿಂಗುಗಳನ್ನು ನೆನಪಿಡುವುದು ಅದರ ಕೆಲಸ. ವಯಸ್ಸಾದ ಮೇಲೆ ಅದು ಸೋರುತ್ತದೆ. ಸೋರುವುದು ಆ್ಯಸಿಡ್ ಎಂದು ಬಹಳ ಜನ ತಿಳಿದಿದ್ದಾರೆ. ಅಲ್ಲ, ಅದು ಪೊಟ್ಯಾಸಿಯಂ ಹೈಡ್ರಾಕ್ಸೈಡ್ ಎಂಬ ಕ್ಷಾರ. ಆ್ಯಸಿಡ್ ಎಂದುಕೊಂಡು ಅಡಿಗೆ ಸೋಡಾ ಹಾಕಿ ತಿಕ್ಕಿದರೆ ಕ್ಷಾರದ ಮೇಲೆ ಕ್ಷಾರ ಹಾಕಿದಂತಾಗುತ್ತದೆ. ಇದಕ್ಕೆ ಬೇಕಾದದ್ದು ಮೃದುವಾದ ಹುಳಿ, ಅಂದರೆ ಅಂಗಡಿಯಲ್ಲಿ ಸಿಗುವ ಬಿಳಿ ವಿನೆಗರ್.

ಕೈಗವಸು, ಕನ್ನಡಕ ಹಾಕಿಕೊಂಡು ಬ್ಯಾಟರಿಯ ಎರಡೂ ಕಾಲುಗಳನ್ನು ಕಟ್ಟರಿನಿಂದ ಕತ್ತರಿಸಿ ತೆಗೆಯಿರಿ. ಸೋರದೆ ಚೆನ್ನಾಗಿ ಕಂಡರೂ ತೆಗೆಯಿರಿ, ಇವತ್ತಲ್ಲ ನಾಳೆ ಅದು ಸೋರುವುದೇ. ವಿನೆಗರಿಗೆ ಸಮಪಾಲು ನೀರು ಬೆರೆಸಿ, ಕಿವಿಗೆ ಹಾಕುವ ಹತ್ತಿಕಡ್ಡಿಯನ್ನು ಅದ್ದಿ, ಹಕ್ಕಳೆಯಿರುವ ಜಾಗಕ್ಕೆ ಮಾತ್ರ ಹಚ್ಚಿ. ಸಣ್ಣಗೆ ನೊರೆ ಬರಬಹುದು. ನೊರೆ ನಿಲ್ಲುವವರೆಗೆ ಹಚ್ಚುತ್ತ, ಒರೆಸುತ್ತ ಹೋಗಿ. ಆಮೇಲೆ ಡಿಸ್ಟಿಲ್ಡ್ ವಾಟರಿನಿಂದ ಎರಡು ಮೂರು ಸಲ ತೊಳೆಯಿರಿ. ವಿನೆಗರನ್ನು ಹಾಗೇ ಬಿಟ್ಟರೆ ಅದೂ ತಾಮ್ರವನ್ನು ತಿನ್ನುತ್ತದೆ. ಕತ್ತರಿಸಿದ ಬ್ಯಾಟರಿಯನ್ನು ಕಸದ ಬುಟ್ಟಿಗೆ ಹಾಕಬೇಡಿ. ಕ್ಯಾಡ್ಮಿಯಂ ವಿಷ. ಇ-ತ್ಯಾಜ್ಯ ಸಂಗ್ರಹಿಸುವವರಿಗೇ ಕೊಡಿ.

ಇಲ್ಲಿ ಮನೆಯ ಗೃಹಿಣಿಯರಿಗೆ, ಈಗ ಪಾತ್ರೆ ತೊಳೆಯುವ ಗಂಡಸರಿಗೂ ಸೇರಿಸಿ, ಒಂದು ಮಾತು. ಹಿತ್ತಾಳೆಯ ದೀಪಕ್ಕೆ ಹುಣಸೆಹಣ್ಣು ಹಚ್ಚಿ ಥಳಥಳ ಮಾಡುವುದು ನಮಗೆಲ್ಲ ರೂಢಿ. ಬೋರ್ಡಿನ ಹಸಿರು ಕಂಡಾಗ ಕೈ ಅತ್ತಲೇ ಹೋಗುತ್ತದೆ. ಬೇಡ. ಹುಣಸೆಹಣ್ಣು, ನಿಂಬೆಹಣ್ಣು ಎರಡರಲ್ಲೂ ಹುಳಿಯ ಜೊತೆ ಸಕ್ಕರೆ, ನಾರು ಇರುತ್ತವೆ. ಅವು ಚಿಪ್ಪಿನ ಕಾಲುಗಳ ನಡುವೆ ಸಿಕ್ಕಿಕೊಂಡರೆ ಇರುವೆಗಳಿಗೆ ಹಬ್ಬ. ಬೂದಿ, ಪಾತ್ರೆ ತಿಕ್ಕುವ ತಂತಿಯಂತೂ ದೂರವೇ ಇರಲಿ. ಅದರ ಒಂದು ಎಳೆ ಉಳಿದರೂ ಶಾರ್ಟ್ ಆಗುತ್ತದೆ.

ಬ್ಯಾಟರಿಯ ಕೆಲಸ ಮುಗಿದ ಮೇಲೆ ಒಣ ಧೂಳು. ಇಲ್ಲಿ ಕಾಣದ ಅಪಾಯವೊಂದಿದೆ, ಸ್ಟ್ಯಾಟಿಕ್ ವಿದ್ಯುತ್ತು. ಚಳಿಗಾಲದ ದೆಹಲಿಯಲ್ಲಿ ಸ್ವೆಟರ್ ತೆಗೆಯುವಾಗ ಚಟಚಟ ಎನ್ನುತ್ತದಲ್ಲ, ಅದೇ. ನಮಗೆ ಅನುಭವಕ್ಕೇ ಬಾರದಷ್ಟು ಸಣ್ಣ ಕಿಡಿ ಚಿಪ್ಪಿಗೆ ಸಿಡಿಲಾಗಬಲ್ಲದು. ಮುಂಬಯಿ, ಚೆನ್ನೈಗಳ ತೇವದ ಹವೆಯಲ್ಲಿ ಇದರ ಕಾಟ ಕಡಿಮೆ. ಆದರೂ ಹತ್ತಿಯ ಬಟ್ಟೆ ಹಾಕಿಕೊಳ್ಳಿ. ಕೈಮಣಿಕಟ್ಟಿಗೆ ಕಟ್ಟುವ ಆ್ಯಂಟಿಸ್ಟ್ಯಾಟಿಕ್ ಪಟ್ಟಿ ಸಿಕ್ಕರೆ ಒಳ್ಳೆಯದು. ಬೋರ್ಡನ್ನು ರಗ್ಗಿನ ಮೇಲಾಗಲೀ ಪ್ಲಾಸ್ಟಿಕ್ ಹಾಳೆಯ ಮೇಲಾಗಲೀ ಇಡಬೇಡಿ, ಮರದ ಮೇಜಿನ ಮೇಲೆ ಹತ್ತಿಬಟ್ಟೆ ಹಾಸಿ ಇಡಿ. ಹಿಡಿಯುವಾಗ ಅಂಚನ್ನು ಹಿಡಿಯಿರಿ.

ಧೂಳಿಗೆ ಬಣ್ಣ ಬಳಿಯುವ ಮೆತ್ತನೆಯ ಬ್ರಷ್ಷು ಸಾಕು, ಪ್ರಾಣಿಕೂದಲಿನದಾದರೆ ಉತ್ತಮ. ಕ್ಯಾಮೆರಾ ಅಂಗಡಿಯಲ್ಲಿ ಸಿಗುವ ರಬ್ಬರಿನ ಬ್ಲೋವರ್‌ನಿಂದ ಊದಿ. ವ್ಯಾಕ್ಯೂಮ್ ಕ್ಲೀನರಿನ ಪ್ಲಾಸ್ಟಿಕ್ ಮೂತಿಯನ್ನು ಬೋರ್ಡಿಗೆ ತಾಗಿಸಬೇಡಿ, ಅದೂ ಸ್ಟ್ಯಾಟಿಕ್ ಹುಟ್ಟಿಸುತ್ತದೆ. ಬಾಯಿಂದ ಊದಿದರೆ ಎಂಜಲು ಹಾರುತ್ತದೆ, ಧೂಳು ನಿಮ್ಮ ಶ್ವಾಸಕ್ಕೇ ಬರುತ್ತದೆ. ಹಳೆಯ ಬೋರ್ಡಿನ ಬೆಸುಗೆಯಲ್ಲಿ ಸೀಸ ಇರುತ್ತದೆ. ಕೆಲಸದ ನಡುವೆ ಚಹಾ, ಭಜಿ ಬೇಡ. ಮುಗಿದ ಮೇಲೆ ಸೋಪಿನಿಂದ ಕೈ ತೊಳೆಯಿರಿ, ಮಕ್ಕಳನ್ನು ದೂರವಿಡಿ.

ಜಿಡ್ಡಿಗೆ ಮದ್ದು ಐಸೊಪ್ರೊಪೈಲ್ ಆಲ್ಕೊಹಾಲ್. ಅಂಗಡಿಯಲ್ಲಿ ಐಪಿಎ ಎಂದು ಕೇಳಿ. ಮುಂಬಯಿಯ ಲ್ಯಾಮಿಂಗ್ಟನ್ ರಸ್ತೆ, ಪುಣೆಯ ಬುಧವಾರ ಪೇಟೆ, ಚೆನ್ನೈಯ ರಿಚ್ಚಿ ಸ್ಟ್ರೀಟ್, ಹೈದರಾಬಾದಿನ ಕೋಠಿ, ದೆಹಲಿಯ ಲಾಜಪತ್ ರಾಯ್ ಮಾರ್ಕೆಟ್, ಇಂಥ ಎಲೆಕ್ಟ್ರಾನಿಕ್ಸ್ ಪೇಟೆಗಳಲ್ಲಿ ವಿಚಾರಿಸಿ. ಶೇಕಡಾ 99ರದು ಬೇಕು. ಕೊರೋನಾ ಕಾಲದಲ್ಲಿ ಕೊಂಡು ಉಳಿದ ಸ್ಯಾನಿಟೈಸರನ್ನು ಬಳಸಬೇಡಿ. ಕೈಗೆ ಹಿತವಾಗಲೆಂದು ಸೇರಿಸಿದ ಗ್ಲಿಸರಿನ್, ಸುವಾಸನೆ ಬೋರ್ಡಿನ ಮೇಲೆ ಉಳಿದು ಹೊಸ ಜಿಡ್ಡಾಗುತ್ತವೆ. ಪೇಂಟ್ ಥಿನ್ನರ್, ಉಗುರುಬಣ್ಣ ತೆಗೆಯುವ ಆ್ಯಸಿಟೋನ್ ಕೂಡದು, ಅವು ಪ್ಲಾಸ್ಟಿಕ್ಕನ್ನೇ ಕರಗಿಸುತ್ತವೆ. ಪೆಟ್ರೋಲಿನ ಮಾತಂತೂ ಎತ್ತಲೇಬೇಡಿ.

ಐಪಿಎ ಬೆಂಕಿಗೆ ಬಲು ಹತ್ತಿರ. 12 ಡಿಗ್ರಿ ಸೆಲ್ಷಿಯಸ್ ಉಷ್ಣತೆಯಲ್ಲೇ ಅದರ ಆವಿ ಕಿಡಿ ಸಿಕ್ಕರೆ ಹತ್ತಿಕೊಳ್ಳುತ್ತದೆ. ಕಿಟಕಿ ತೆರೆದಿಡಿ. ಒಲೆ, ದೇವರ ದೀಪ, ಊದುಬತ್ತಿ ಯಾವುದೂ ಉರಿಯುತ್ತಿರಬಾರದು. ಸಣ್ಣ ಬಟ್ಟಲಿಗೆ ಸ್ವಲ್ಪವೇ ಸುರಿದುಕೊಂಡು, ಮೆತ್ತನೆಯ ಹಲ್ಲುಜ್ಜುವ ಬ್ರಷ್ಷನ್ನು ಅದ್ದಿ, ಒಂದು ಅಂಗೈಯಗಲದ ಜಾಗವನ್ನು ಮೃದುವಾಗಿ ಉಜ್ಜಿ. ಕರಗಿದ ಕೊಳೆಯನ್ನು ನೂಲೇಳದ ಬಟ್ಟೆಯಿಂದ ಹೀರಿಸಿ. ಹೀರಿಸದಿದ್ದರೆ ಕೊಳೆ ಒಂದು ಕಡೆಯಿಂದ ಇನ್ನೊಂದು ಕಡೆಗೆ ಹೋಗುತ್ತದೆ ಅಷ್ಟೆ. ಬೋರ್ಡಿನ ಮೇಲಿನ ಶಾಯಿಯ ಬರಹಗಳನ್ನು ಉಜ್ಜುವ ಮೊದಲು ಒಂದು ಮೂಲೆಯಲ್ಲಿ ಪರೀಕ್ಷಿಸಿ.

ಒಂದು ಚಿಪ್ಪಿನ ನೆತ್ತಿಯ ಮೇಲೆ ಚೀಟಿ ಅಂಟಿಸಿರುತ್ತದೆ. ಕೊಳಕಾಗಿದೆಯೆಂದು ಅದನ್ನು ಕೀಳಬೇಡಿ. ಅದು ಇಪ್ರಾಮ್ ಎಂಬ ಚಿಪ್ಪು. ಚೀಟಿಯ ಕೆಳಗೆ ಪುಟ್ಟ ಗಾಜಿನ ಕಿಟಕಿ ಇರುತ್ತದೆ. ಅದರೊಳಗೆ ಅತಿನೇರಳೆ ಬೆಳಕು ಬಿದ್ದರೆ ಬರೆದದ್ದು ಅಳಿಸಿಹೋಗುತ್ತದೆ. ನೇರ ಬಿಸಿಲಿನಲ್ಲಿ ಸುಮಾರು ಒಂದು ವಾರ ಸಾಕು. ಯಂತ್ರಕ್ಕೆ ಎಚ್ಚರವಾದ ಕೂಡಲೇ ಏನು ಮಾಡಬೇಕೆಂದು ಹೇಳುವ ಮೊದಲ ಪಾಠ ಅದರಲ್ಲಿದೆ. ಚೀಟಿ ಉದುರಿದ್ದರೆ ಬೆಳಕು ಹಾಯದ ಟೇಪು ಅಂಟಿಸಿ.

ಇನ್ನು ಬಂಗಾರದ ಸಂಗತಿ. ಕಾರ್ಡುಗಳು ಸ್ಲಾಟಿನೊಳಗೆ ಕೂರುವ ಅಂಚಿನಲ್ಲಿ ಸಾಲಾಗಿ ಹೊಳೆಯುವ ಹಲ್ಲುಗಳಿರುತ್ತವೆ. ಅವಕ್ಕೆ ನಿಜವಾದ ಬಂಗಾರದ ಲೇಪವಿದೆ. ಆದರೆ ಲೇಪ ಕೂದಲಿಗಿಂತ ಎಷ್ಟೋ ಪಟ್ಟು ತೆಳು. ಮರಳುಕಾಗದ ಹಾಕಿದರೆ ಒಂದೇ ತಿಕ್ಕಿಗೆ ಹೋಯಿತು. ಪೆನ್ಸಿಲ್ ಅಳಿಸುವ ರಬ್ಬರಿನಿಂದ ತಿಕ್ಕುವುದು ನಮ್ಮ ರಿಪೇರಿಯವರ ಹಳೆಯ ಅಭ್ಯಾಸ. ನಾನೂ ಮಾಡಿದ್ದೇನೆ. ಅದೂ ಲೇಪವನ್ನು ಸವೆಸುತ್ತದೆ. ಮೊದಲು ಐಪಿಎ ಹಚ್ಚಿದ ಬಟ್ಟೆಯಿಂದ ಒರೆಸಿ ನೋಡಿ. ಕಲೆ ಹೋಗದಿದ್ದರೆ ಮಾತ್ರ ಮೆತ್ತನೆಯ ಬಿಳಿ ರಬ್ಬರಿನಿಂದ ಹಗುರವಾಗಿ ಎರಡು ಸಲ, ಆಮೇಲೆ ಪುಡಿಯನ್ನು ಪೂರ್ತಿ ತೆಗೆಯಿರಿ.

ಬೋರ್ಡನ್ನು ನೀರಿನಲ್ಲಿ ತೊಳೆಯಬಹುದೇ ಎಂದು ಕೇಳಿದರೆ ಅನೇಕರು ಹೌಹಾರುತ್ತಾರೆ. ಕರೆಂಟಿಲ್ಲದಾಗ ನೀರು ಶತ್ರುವಲ್ಲ. ಕೆಸರು, ಇಲಿಯ ಗಲೀಜು, ಬಹಳ ದಪ್ಪ ಜಿಡ್ಡು ಇದ್ದರೆ ನೀರೇ ಬೇಕು. ಆದರೆ ಬ್ಯಾಟರಿ, ಸ್ಪೀಕರು, ಡಿಸ್ಕು, ಫ್ಲಾಪಿ ಡ್ರೈವು ಎಲ್ಲವನ್ನೂ ಮೊದಲು ಬೇರ್ಪಡಿಸಬೇಕು. ರಿಲೇ, ಟ್ರಾನ್ಸ್‌ಫಾರ್ಮರ್, ತಿರುಗಿಸುವ ಗುಂಡಿಗಳಿರುವ ಬೋರ್ಡನ್ನು ಮುಳುಗಿಸಬಾರದು. ಬೆಚ್ಚಗಿನ ನೀರಿಗೆ ಎರಡು ಹನಿ ಪಾತ್ರೆ ತೊಳೆಯುವ ದ್ರವ ಹಾಕಿ, ಮೆತ್ತನೆಯ ಬ್ರಷ್ಷಿನಿಂದ ತೊಳೆದು, ಕೊನೆಯ ಜಾಲಾಟ ಡಿಸ್ಟಿಲ್ಡ್ ವಾಟರಿನಲ್ಲಿ ಆಗಬೇಕು. ನಲ್ಲಿಯ ನೀರು ಒಣಗಿದಾಗ ಬಿಳಿ ಉಪ್ಪನ್ನು ಬಿಟ್ಟುಹೋಗುತ್ತದೆ. ಇನ್ವರ್ಟರಿಗೆ ಹಾಕುವ ನೀರು ಅಂಗಡಿಯಲ್ಲಿ ಸಿಗುತ್ತದೆ. ಕೊಳ್ಳುವಾಗ ಅದು ನೀರೇ, ಬ್ಯಾಟರಿ ಆ್ಯಸಿಡ್ ಅಲ್ಲ ಎಂಬುದನ್ನು ಓದಿ ಖಚಿತ ಮಾಡಿಕೊಳ್ಳಿ. ಕೊನೆಗೆ ಐಪಿಎ ಹಾಯಿಸಿದರೆ ಚಿಪ್ಪುಗಳ ಅಡಿಯ ನೀರನ್ನು ಅದು ಎಳೆದುಕೊಂಡು ಬೇಗ ಆರುತ್ತದೆ.

ಒಣಗಿಸುವುದೇ ನನ್ನಂಥ ಅವಸರಗೇಡಿಗಳು ಎಡವುವ ಜಾಗ. ಬೋರ್ಡನ್ನು ನೆರಳಿನಲ್ಲಿ, ಫ್ಯಾನಿನ ಎದುರು ನಿಲ್ಲಿಸಿ, ಆಗಾಗ ಮಗ್ಗುಲು ಬದಲಿಸುತ್ತ, ಮೂರು ದಿನ ಬಿಡಿ. ಮಳೆಗಾಲವಾದರೆ ಒಂದು ವಾರ. ಹೇರ್ ಡ್ರೈಯರಿನ ಬಿಸಿಗಾಳಿ, ಓವನ್ ಯಾವುದೂ ಬೇಡ. ಅಕ್ಕಿಡಬ್ಬದಲ್ಲಿ ಹೂತಿಡುವವರೂ ಇದ್ದಾರೆ. ಅಕ್ಕಿಯ ಹಿಟ್ಟು ಸ್ಲಾಟಿನೊಳಗೆ ಸೇರುವುದೇ ಅದರ ಫಲ. ಮುಚ್ಚಳದ ಡಬ್ಬಿಯಲ್ಲಿ ಸಿಲಿಕಾ ಜೆಲ್ ಪೊಟ್ಟಣಗಳ ಜೊತೆ ಇಟ್ಟರೆ ತೇವ ಇನ್ನಷ್ಟು ತಗ್ಗುತ್ತದೆ.

ಗೆಳೆಯನ ಯಂತ್ರಕ್ಕೆ ಇಷ್ಟನ್ನೂ ಮಾಡಿದೆ. ಹಕ್ಕಳೆ ತೆಗೆದಾಗ ಬ್ಯಾಟರಿಯ ಕೆಳಗೆ ಕೂದಲೆಳೆಯಂಥ ಎರಡು ತಾಮ್ರದ ಗೆರೆಗಳು ಪೂರ್ತಿ ತಿಂದುಹೋಗಿದ್ದವು. ಕೊಳೆ ತೆಗೆಯದಿದ್ದರೆ ಅವು ಕಾಣುತ್ತಲೇ ಇರಲಿಲ್ಲ. ಮಲ್ಟಿಮೀಟರಿನಿಂದ ಎಲ್ಲಿ ಕಡಿದಿದೆಯೆಂದು ನೋಡಿ, ತೆಳು ತಂತಿಯಿಂದ ಬೆಸುಗೆ ಹಾಕಿದೆ. ಹಳೆಯ ಬ್ಯಾಟರಿಯ ಬದಲು ಗುಂಡಿಸೆಲ್ ಹಾಕಿ, ಅದಕ್ಕೆ ಚಾರ್ಜ್ ಹೋಗದಂತೆ ಒಂದು ಡಯೋಡ್ ಸೇರಿಸಿದೆ. ಗುಂಡಿಸೆಲ್ಲನ್ನು ಚಾರ್ಜ್ ಮಾಡಿದರೆ ಅದು ಸಿಡಿಯಬಹುದು. ಹಳೆಯ ಪವರ್ ಸಪ್ಲೈಯನ್ನು ನಂಬದೆ, ಪರೀಕ್ಷಿಸಿದ ಬೇರೊಂದನ್ನು ತಂದೆ.

ಎಂಟನೆಯ ದಿನ ಸ್ವಿಚ್ ಹಾಕಿದೆವು. ಮಗಳ ಕೈಯಿಂದಲೇ ಹಾಕಿಸಿದೆ. ನನ್ನ ಕೈ ಮಾತ್ರ ಪ್ಲಗ್ಗಿನ ಮೇಲೇ ಇತ್ತು. ಒಂದು ಸಲ 'ಬೀಪ್' ಎಂದಿತು. ಪರದೆ ಬೆಳಗಿತು. ಆದರೆ ಡಿಸ್ಕೇ ಇಲ್ಲ ಎಂದಿತು! ಬ್ಯಾಟರಿ ಸತ್ತಾಗ ಡಿಸ್ಕಿನ ಅಳತೆಯೂ ಯಂತ್ರಕ್ಕೆ ಮರೆತುಹೋಗಿತ್ತು. ಆ ಕಾಲದ ಯಂತ್ರಕ್ಕೆ ಸಿಲಿಂಡರ್ ಎಷ್ಟು, ಹೆಡ್ ಎಷ್ಟು, ಸೆಕ್ಟರ್ ಎಷ್ಟು ಎಂದು ನಾವೇ ಹೇಳಿಕೊಡಬೇಕು. ಡಿಸ್ಕಿನ ಮೇಲಿನ ಲೇಬಲ್ಲನ್ನು ಜಿರಳೆ ತಿಂದಿತ್ತು. ಆಗ ನೆನಪಾಯಿತು, ಒಳಗೋಡೆಯ ಚೀಟಿ, ಪೆನ್ಸಿಲಿನ ಮೂರು ಅಂಕಿ. ಮೊಬೈಲಿನ ಫೋಟೋ ನೋಡಿ ಅವನ್ನು ತುಂಬಿದೆ.

ಡಿಸ್ಕು ಕರಕರ ಎಂದು ತಿರುಗಿತು. ಕನ್ನಡ ಮೂಡಿತು. ಅರವತ್ತರಷ್ಟು ಹಾಡುಗಳಲ್ಲಿ ನಲವತ್ತೆಂಟು ಓದಲು ಬಂದವು. ಉಳಿದ ಕಡತಗಳು ಕೆಟ್ಟಿದ್ದವು. ಸಿಕ್ಕಷ್ಟನ್ನು ಅಂದೇ ಫ್ಲಾಪಿಗೆ ಇಳಿಸಿಕೊಂಡೆವು. ಜಿಸ್ಟ್ ಬಳಸುತ್ತಿದ್ದದ್ದು ಇಸ್ಕೀ ಎಂಬ ಭಾರತೀಯ ಸಂಕೇತ ಪದ್ಧತಿ. ಇಂದಿನ ಯೂನಿಕೋಡಿನ ಕನ್ನಡದ ಅಕ್ಷರ ಜೋಡಣೆ ಇಸ್ಕೀಯನ್ನೇ ಅನುಸರಿಸಿದ್ದು. ಹಾಗಾಗಿ ಆ ಅಕ್ಷರಗಳನ್ನು ಇವತ್ತಿನ ಮೊಬೈಲಿನಲ್ಲಿ ಓದುವಂತೆ ಮಾಡುವುದು ಕಷ್ಟವಾಗಲಿಲ್ಲ.

ಮಗಳು ಪರದೆಯ ಮುಂದೆ ಕೂತು ಒಂದು ಹಾಡನ್ನು ಮೆಲ್ಲಗೆ ಓದಿದಳು. ರಾಗ ಅವಳಿಗೆ ಗೊತ್ತಿರಲಿಲ್ಲ. "ಅಜ್ಜಿ ಹಾಡಿದ್ದು ಹೆಂಗಿತ್ತು ಕಾಕಾ?" ಎಂದಳು. ನನಗೂ ಗೊತ್ತಿಲ್ಲ. ರಾಗ ಹೋಯಿತು, ಮಾತು ಉಳಿಯಿತು. ಇನ್ನೊಂದು ಮಳೆಗಾಲ ಬಿಟ್ಟಿದ್ದರೆ ಅದೂ ಉಳಿಯುತ್ತಿತ್ತೋ ಇಲ್ಲವೋ.

ಶ್ರೋತೃಗಳೇ, ಊರು ಬಿಟ್ಟು ಬಂದ ನಮ್ಮಂಥವರ ಮನೆಯ ಅಟ್ಟಗಳ ಮೇಲೆ ಇಂಥ ಪೆಟ್ಟಿಗೆಗಳಿವೆ. ಸಂಘದ ಹಳೆಯ ಸ್ಮರಣ ಸಂಚಿಕೆ, ಅಪ್ಪನ ಪತ್ರಗಳು, ಮನೆತನದ ಲೆಕ್ಕ, ಯಾವುದೋ ಅರ್ಧ ಬರೆದ ನಾಟಕ. ಎಲ್ಲದರಲ್ಲೂ ಬಂಗಾರವಿರುತ್ತದೆ ಎಂದು ನಾನು ಹೇಳುವುದಿಲ್ಲ. ಆದರೆ ಭಂಗಾರದವನ ಕೂಗು ಕೇಳಿ ಇಳಿಸಿಕೊಡುವ ಮುನ್ನ ಒಮ್ಮೆ ಮುಚ್ಚಳ ತೆಗೆದು ನೋಡಿ. ಬೇರೇನೂ ಮಾಡಲಾಗದಿದ್ದರೂ ಈ ಭಾನುವಾರ ಆ ಬ್ಯಾಟರಿಯನ್ನಾದರೂ ಕತ್ತರಿಸಿ ತೆಗೆಯಿರಿ. ಉಳಿದ ಕೊಳೆ ಸ್ವಲ್ಪ ದಿನ ಕಾಯುತ್ತದೆ, ಬ್ಯಾಟರಿ ಕಾಯುವುದಿಲ್ಲ.

ಮತ್ತು ಸ್ವಿಚ್? ಅದನ್ನು ಕೊನೆಗೆ ಹಾಕಿ.